ಜೋಳದ ಕಾಳಿನಂಥ ಕಣ್ಣು

ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು ಇಂದ್ರಾಬಾಯಿಗೆ — ಪಕ್ಕದ ಮೇಜಿನ ತಟ್ಟೆಯಲ್ಲಿ ಯಾರೋ ಬಿಟ್ಟು ಎದ್ದ ಹುರಿದ ಮೀನಿನ ತಲೆ, ಅದರ ಕಣ್ಣು ಎಣ್ಣೆಯಲ್ಲಿ ಬೆಂದು ಬೆಳ್ಳಗೆ, ಗಟ್ಟಿಯಾಗಿ, ಥೇಟ್ ಬಿಳಿಜೋಳದ ಕಾಳು, ಬಿಳಿಜೋಳ ಕಂಡಾದರೂ ಎಷ್ಟು ಕಾಲವಾಯಿತು, ಈ ಮುಂಬಯಿಯ ರೇಶನ್ ಅಂಗಡಿಯಲ್ಲಿ ಸಿಗುವುದೆಲ್ಲ ಹಡಗಿನಲ್ಲಿ ಬಂದ ಕೆಂಪು ಮಿಲೋ ಜೋಳ, ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತದೆ, ನುಂಗಿದರೆ ಗಂಟಲು ಕೆರೆಯುತ್ತದೆ — ತಲೆ ಬಿಟ್ಟು ಎದ್ದನಲ್ಲ ಪುಣ್ಯಾತ್ಮ, ರುಚಿಯೆಲ್ಲ ಅಲ್ಲೇ ಅಡಗಿರುವಾಗ, ಅಂದುಕೊಂಡಳು, ಕೂಡಲೇ ನಾಲಿಗೆ ಕಚ್ಚಿಕೊಂಡಳು, ಬಾಯಿಬಿಟ್ಟು ಹೇಳಿಬಿಟ್ಟೆನೇ ಹೇಗೆ, ಇಲ್ಲ, ದೂಜ ಎದುರಿಗೆ ಕೂತು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದಾನೆ, ತಿನ್ನಬೇಕಾದವಳು ಇವಳು, ಬೆವರುತ್ತಿರುವವನು ಅವನು. ಹೆದರ್ಬೇಡ, ನಿಧಾನ ತಿನ್ನು, ನಾನು ಹೇಳಿಕೊಟ್ಟದ್ದು ನೆನಪುಂಟಲ್ಲ? ಹೂಂ, ನೆನಪದ, ಅಂದಳು ತಲೆ ತಗ್ಗಿಸಿ, ಒಳಗೊಳಗೇ ನಗು ಉಕ್ಕಿತು, ಅವ್ವನ ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಹುಡುಗಿ ಭಯಪಟ್ಟಿದ್ದಾಳೆ ಎಂದು ಅವನು ಇನ್ನಷ್ಟು ಬೆವರಿದ. ಜೋಗೇಶ್ವರಿ ಸ್ಟೇಷನ್ನಿನ ಪೂರ್ವಕ್ಕೆ, ಅವನಪ್ಪ ಕೊರಗಣ್ಣನ ಮೀನಿನ ಖಾನಾವಳಿ, ಆದಿತ್ಯವಾರದ ಮಧ್ಯಾಹ್ನ, ಅಮೃತಶಿಲೆಯ ಹಾಸಿನ ಹಳೇ ಮೇಜುಗಳು, ಒಂದರ ಮೂಲೆ ಒಡೆದಿದೆ, ಮೇಲೆ ಗೊಣಗುವ ಫ್ಯಾನು, ಅಡುಗೆಮನೆಗೆ ಒಂದು ನೀಲಿ ಪರದೆ, ಆ ಪರದೆಯ ಹಿಂದೆ ಅವಳು ಇದ್ದಾಳೆ, ಅಕ್ಕು, ದೂಜನ ತಾಯಿ, ಕಾಣುವುದಿಲ್ಲ, ಬಳೆಯ ಸದ್ದು ಮಾತ್ರ ಕೇಳುತ್ತದೆ, ಕಾವಲಿಗೆ ಬಿದ್ದ ಮೀನಿನ ಚರ್ ಎನ್ನುವ ಸದ್ದು ಕೇಳುತ್ತದೆ. ಆ ಹೆಂಗಸಿನ ಒಂದು ಮಾತಿನ ಮೇಲೆ ಇವತ್ತು ಇವರಿಬ್ಬರ ಮದುವೆ ನಿಂತಿದೆ.

ಆ ಮಾತನ್ನು ದೂಜ ಬಂದು ಹೇಳಿದ್ದ, ತಾನೇ ತಪ್ಪು ಮಾಡಿದವನ ಹಾಗೆ ಮುಖ ಮಾಡಿಕೊಂಡು, ಫ್ಯಾಕ್ಟರಿಯ ಗೇಟಿನ ಹೊರಗೆ, ಇವಳು ಮಾತ್ರೆ ಪ್ಯಾಕ್ ಮಾಡುವ ಫ್ಯಾಕ್ಟರಿ, ಅವನು ಅದರ ಪಕ್ಕದ ಶೆಡ್ಡಿನಲ್ಲಿ ಲೇಥ್ ಓಡಿಸುವವನು, ಮಧ್ಯೆ ಒಂದು ಗೋಡೆ, ಗೋಡೆಗೊಂದು ನಲ್ಲಿ, ಆ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತ ತೊಳೆಯುತ್ತ ಶುರುವಾದದ್ದು ಇದೆಲ್ಲ — ಅಮ್ಮ ಹೀಗೆ ಹೇಳ್ತಾರೆ, ಘಟ್ಟದ ಮೇಲಿನವರಿಗೆ ಮೀನು ಎಲ್ಲಿಂದ ಬರ್ಬೇಕು ಮಾರಾಯಾ, ಅವರಿಗೆ ರೊಟ್ಟಿ ಉಂಟು, ಶೇಂಗಾ ಚಟ್ನಿ ಉಂಟು, ನಮ್ಮದು ಬೆಳಿಗ್ಗೆ ಎದ್ದರೆ ಮೀನು ಕೊಯ್ಲಿಕ್ಕೆ ಕುತ್ಕೊಳ್ಳುವ ಮನೆ, ಮೂಗು ಮುಚ್ಚಿಕೊಳ್ಳುವ ಸೊಸೆಯನ್ನು ತಂದು ನಾನೆಂತ ಮಾಡ್ಲಿ, ಜಾತಿ ಬೇರೆ ಅಂತ ನಾನು ಹೇಳಿದೆನಾ, ಭಾಷೆ ಬೇರೆ ಅಂತ ಹೇಳಿದೆನಾ, ಇಲ್ಲ, ಒಂದು ದಿನ ಊಟಕ್ಕೆ ಕರ್ಕೊಂಡು ಬಾ, ಬೂತಾಯಿ ಬಡಿಸ್ತೇನೆ, ಮುಳ್ಳು ತೆಗೆದು ನೆಟ್ಟಗೆ ತಿಂದ್ರೆ ಮದುವೆ, ಇಲ್ಲದಿದ್ರೆ ಮಲ್ಪೆಯ ಹುಡುಗಿ ಹೇಗೂ ಉಂಟಲ್ಲ. ಬೂತಾಯಿ ಅಂದ್ರ ಏನು ಎಂದು ಇವಳು ಕೇಳಿದ್ದಳು, ನಿಜವಾಗಿಯೂ ಗೊತ್ತಿರಲಿಲ್ಲ, ಒಂದು ಗೇಣುದ್ದದ ಕಡಲ ಮೀನು, ಮೈತುಂಬ ಮುಳ್ಳು, ಅಂದ ದೂಜ ನಿಟ್ಟುಸಿರು ಬಿಟ್ಟು, ನಮ್ಮ ಮಕ್ಕಳೇ ಒಮ್ಮೊಮ್ಮೆ ಗಂಟಲಿಗೆ ಸಿಕ್ಕಿಸಿಕೊಳ್ತಾರೆ. ಪಾಪ, ಅಂದಿನಿಂದ ಪಾಠ ಶುರುವಾಯಿತು. ಜುಹೂ ಬೀಚಿನ ಮರಳಿನಲ್ಲಿ ಕಡ್ಡಿಯಿಂದ ಮೀನಿನ ಚಿತ್ರ ಬರೆದು, ಇದು ಬೆನ್ನೆಲುಬು, ಇದು ಹೊಟ್ಟೆಯ ಮುಳ್ಳು, ಇಲ್ಲಿ ಹೆಬ್ಬೆರಳು ಒತ್ತಬೇಕು, ಇಲ್ಲಿ ಬಾಲ ಹಿಡಿದು ಎತ್ತಬೇಕು, ಇಂದ್ರಾ ನೀನು ಕೇಳ್ತಾ ಇದ್ದೀಯಲ್ಲ, ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದಳು, ಕಣ್ಣರಳಿಸಿ ಕೇಳುತ್ತಿದ್ದಳು, ಹೌದೇನ್ರಿ ಎಂದು ನಡುನಡುವೆ ಬೆರಗುಪಡುತ್ತಿದ್ದಳು, ಮೀನಿನ ಮರಿಗೆ ಈಜು ಕಲಿಸಲು ಹೊರಟವನ ಮುಖ ಎಷ್ಟು ಚಂದ ಕಾಣುತ್ತದೆ ಎಂದು ಅಲ್ಲಿಯವರೆಗೆ ಅವಳಿಗೂ ಗೊತ್ತಿರಲಿಲ್ಲ. ಅಲೆ ಬಂದು ಚಿತ್ರ ಅಳಿಸಿದರೆ ಅವನು ಇನ್ನೊಂದು ಬರೆಯುತ್ತಿದ್ದ, ಇವಳು ಇನ್ನೊಮ್ಮೆ ಕೇಳುತ್ತಿದ್ದಳು.

ಮೋಸವೇ ಇದು? ಇವತ್ತು ಲೋಕಲ್ಲಿನಲ್ಲಿ ಕಾಂದಿವಲಿಯಿಂದ ಬರುವಾಗ ಇದನ್ನೇ ಯೋಚಿಸಿದಳು, ಮಲಾಡ್ ಬಂತು, ಗೋರೆಗಾಂವ್ ಬಂತು, ಆಮೇಲೆ ತಾನೇ ಹೇಳಿಕೊಂಡಳು, ಮೋಸ ಹೇಗಾಗುತ್ತದೆ, ಯಾರಾದರೂ ಕೇಳಿದರೇ? ಡಬ್ಬಿಯಲ್ಲಿ ರೊಟ್ಟಿ ಝುಣಕ ನೋಡಿದರು, ಮಾತಿನಲ್ಲಿ ರೀ ಕೇಳಿದರು, ಘಟ್ಟದ ಮೇಲಿನವಳು ಅಂದರು, ಘಟ್ಟದ ಮೇಲೆ ಮೀನಿಲ್ಲ ಅಂದರು, ತೀರಿತು. ಘಟ್ಟದ ಮೇಲೆ ಹೊಳೆ ಇಲ್ಲವೇ? ಭೀಮಾ ಇಲ್ಲವೇ? ಅಫಜಲಪುರದ ಆಚೆ ಭೀಮೆಯ ದಂಡೆಯ ಮೇಲೆ ಅಂಬಿಗರ ಓಣಿ, ಓಣಿಯ ಕೊನೆಗೆ ಅಪ್ಪ ಖಂಡಪ್ಪನ ಮನೆ, ಬಾಗಿಲ ಮುಂದೆ ಬೋರಲು ಹಾಕಿದ ಹರಿಗೋಲು, ಬೆತ್ತದ ಬುಟ್ಟಿಗೆ ತೊಗಲು ಸುತ್ತಿದ್ದು, ಅದರ ನೆರಳಿನಲ್ಲಿ ಇವಳು ಆಡಿದ್ದು, ಅದರ ವಾಸನೆಯಲ್ಲೇ ಬೆಳೆದದ್ದು. ಕಡಲ ಮೀನಿಗೆ ಮುಳ್ಳಂತೆ ಮುಳ್ಳು, ಹೊಳೆಯ ಮೀನಿನ ಮುಳ್ಳನ್ನು ಇವರು ಕಂಡಿದ್ದಾರೆಯೇ, ಬೆನ್ನ ಮಾಂಸದ ಒಳಗೆ ಕೂದಲಿನಂಥ ಕವಲು ಮುಳ್ಳು, ಯಾವ ಎಲುಬಿಗೂ ಅಂಟಿಕೊಳ್ಳದೆ ತಮ್ಮ ಪಾಡಿಗೆ ತಾವು ಕೂತಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ, ನಾಲಿಗೆಯೇ ಹುಡುಕಿ ಹಿಡಿದು ಬಾಯಿಯ ಮೂಲೆಗೆ ತಂದು ನಿಲ್ಲಿಸಬೇಕು, ಹಲ್ಲು ಪೂರಾ ಬರುವ ಮೊದಲೇ ಅಜ್ಜಿ ಗುರುಬಾಯಿ, ಆಯಿ, ಅದನ್ನು ಕಲಿಸಿದ್ದಳು. ಆದರೂ ಎದೆಯಲ್ಲಿ ಒಂದು ಅಳುಕು, ಅದನ್ನು ಯಾರಿಗೂ ಹೇಳಿಲ್ಲ, ದೂಜನಿಗಂತೂ ಇಲ್ಲವೇ ಇಲ್ಲ — ಚಾಳಿನಲ್ಲಿ ಸುತ್ತಲೂ ಗುಜರಾತಿಯವರು, ಮೀನು ತರುವುದಿಲ್ಲ ಎಂದು ಒಪ್ಪಿಕೊಂಡ ಮೇಲೇ ಖೋಲಿ ಸಿಕ್ಕಿದ್ದು, ಲಂಗ ಉಡುವ ವಯಸ್ಸಿನಲ್ಲಿ ಬಂದವಳು ಈಗ ಸೀರೆ ಉಟ್ಟು ಕೂತಿದ್ದಾಳೆ, ನಡುವೆ ಒಂದು ತುಂಡು ಮೀನು ನಾಲಿಗೆಗೆ ತಾಗಿಲ್ಲ. ನಾಲಿಗೆ ಮರೆತಿದ್ದರೆ? ಎಲ್ಲರ ಮುಂದೆ ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು, ಆ ಪರದೆಯ ಹಿಂದಿನ ಹೆಂಗಸು ನೋಡಿದೆಯಾ ನಾನು ಹೇಳಿದ್ದೇ ಸರಿ ಅಂದರೆ? ದೂಜ ಸಿಗುವುದಿಲ್ಲ, ಅಷ್ಟೇ ಅಲ್ಲ, ಆಯಿಯ ಮುಂದೆ ತಲೆ ಎತ್ತುವ ಹಾಗಿಲ್ಲ, ಆಯಿ ಸತ್ತು ಮಣ್ಣಾಗಿದ್ದರೂ. ಅಪ್ಪ ಬೆಳಿಗ್ಗೆ ಇಷ್ಟೇ ಹೇಳಿದ, ಬಾಯಿಲೆ ಹೇಳಬ್ಯಾಡ, ತಿಂದು ತೋರಸು.

ಐತ ಬಂದ, ಈ ಖಾನಾವಳಿ ಶುರುವಾದಾಗಿನಿಂದ ಬಡಿಸುತ್ತಿರುವವನು, ಕಿವಿಯ ಮೇಲೆ ಬೀಡಿ, ಹೆಗಲ ಮೇಲೆ ಚೌಕ, ಏಕ್ ಬಟಾಟಾ ಮಚ್ಛಿ ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಇವಳ ಮುಂದೆ ಒಂದು ಪ್ಲೇಟು ಇಟ್ಟ, ಚೌಕಾಕಾರದ ಮೀನಿನ ತುಂಡುಗಳು, ದಪ್ಪ ಹಿಟ್ಟಿನ ಅಂಗಿ ತೊಟ್ಟು ಹೊಂಬಣ್ಣಕ್ಕೆ ಹುರಿದವು, ಪಕ್ಕದಲ್ಲಿ ಬೆರಳುದ್ದ ಕತ್ತರಿಸಿ ಕರಿದ ಬಟಾಟೆ, ಒಂದು ಹೋಳು ನಿಂಬೆ. ನಾನು ಹೇಳಿಲ್ಲವಲ್ಲ ಇದನ್ನು ಎಂದು ದೂಜ ತಡಬಡಿಸಿದ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೊರಗಣ್ಣ ಕೆಮ್ಮಿದ, ಮೆಲ್ಲಗೆ ಹೇಳಿದ, ತಿನ್ನಲಿ ಮಗಾ, ಅದು ಸುಲಭ, ಮುಳ್ಳಿಲ್ಲ, ಸಾಹೇಬರೆಲ್ಲ ಅದನ್ನೇ ತಿಂತಾ ಇದ್ರು. ಒಳ್ಳೆಯ ಮನುಷ್ಯ, ಮುಖ ನೋಡಿದರೇ ಗೊತ್ತಾಗುತ್ತದೆ, ಫೋರ್ಟಿನ ಯಾವುದೋ ಕ್ಲಬ್ಬಿನ ಅಡುಗೆಮನೆಯಲ್ಲಿ ಬಿಳಿಯರಿಗೆ ಮೀನು ಬಟಾಟೆ ಕರಿದು ಕರಿದು ಕೂದಲು ನರೆಸಿಕೊಂಡವನು, ಬಿಳಿಯರು ಹೋದರೂ ಅದನ್ನು ಮಾತ್ರ ಬಿಡದೆ ಜೋಗೇಶ್ವರಿಗೆ ತಂದವನು, ಇಲ್ಲಿ ಮೀನು ತಿನ್ನಲು ಹೆದರುವವರಿಗೆಲ್ಲ ಅದೇ ಮದ್ದು, ಮೊದಲ ಸಲ ಬಂದ ಯಾರಿಗೇ ಆಗಲಿ ಅದೇ ಪ್ಲೇಟು. ದಾರಿ ತೋರಿಸುತ್ತಿದ್ದಾನೆ, ಮಗನ ಆಸೆ ಮುಳುಗದಿರಲಿ ಎಂದು ಹೆಂಡತಿಯ ಕಣ್ಣು ತಪ್ಪಿಸಿ ಹಲಗೆ ಎಸೆಯುತ್ತಿದ್ದಾನೆ, ಹಿಡಿದುಕೊಂಡರೆ ದಡ ಸೇರಬಹುದು, ತಿಂದಳು ಕಣೇ, ಮೀನೇ ತಿಂದಳು ಎಂದು ಅವನು ಒಳಗೆ ಹೋಗಿ ಹೇಳಬಹುದು. ಪರದೆಯ ಹಿಂದೆ ಬಳೆಯ ಸದ್ದು ನಿಂತಿತು. ಅದು ಮೀನಲ್ಲ, ಬಿಸ್ಕುಟು, ಅಂದಿತು ಅಡುಗೆಮನೆಯ ದನಿ, ತಿನ್ನುವವರು ತಿನ್ನಲಿ, ನಾನು ಬೇಡ ಅಂತ ಹೇಳುದಿಲ್ಲ. ಬಟಾಟೆಯ ವಾಸನೆ ಮೂಗಿಗೆ ಹಿತವಾಗಿ ಬಡಿಯಿತು, ಬಿಸಿಬಿಸಿ, ಹೊಟ್ಟೆ ಬೆಳಿಗ್ಗೆಯಿಂದ ಖಾಲಿ, ಒಂದೇ ಒಂದು ಬಟಾಟೆ ಎತ್ತಿ ಬಾಯಿಗೆ ಹಾಕಿಕೊಂಡಳು, ಚಲೋ ಅದರಿ ಅಂದಳು ಕೊರಗಣ್ಣನ ಕಡೆ ತಿರುಗಿ, ಆಮೇಲೆ ಪ್ಲೇಟನ್ನು ಎರಡೂ ಕೈಯಿಂದ ಹಿಡಿದು, ಸಿಟ್ಟಿಲ್ಲದೆ, ದೂಜನ ಮುಂದೆ ಸರಿಸಿದಳು. ಇದು ನಿಮಗಿರ್ಲಿ, ನನಗ ಬೂತಾಯಿ ಕೊಡ್ರಿ.

ಗೋಡೆ ಬದಿಯಲ್ಲಿ ಕೂತ ಗಿರಾಕಿಗಳು ಕೂಡ ತುತ್ತು ನಿಲ್ಲಿಸಿ ನೋಡಿದರು, ಈ ಓಣಿಯಲ್ಲಿ ಅಕ್ಕುವಿನ ಪಂಥ ಗೊತ್ತಿಲ್ಲದವರು ಯಾರಿದ್ದಾರೆ, ಐತ ಬಾಯಿಗೆ ಬೀಗ ಹಾಕುವ ಪೈಕಿಯೇನು, ಎಲ್ಲರಿಗೂ ಹೇಳಿದ್ದ. ಬಂತು ಬೂತಾಯಿ, ಕೆಂಪು ಕುಚ್ಚಲಕ್ಕಿಯ ಅನ್ನದ ಪಕ್ಕದಲ್ಲಿ, ಪುಳಿಮುಂಚಿಯ ದಪ್ಪ ಕೆಂಪು ಮಸಾಲೆಯಲ್ಲಿ ಮೈ ಹೊರಳಿಸಿಕೊಂಡ ಎರಡು ಮೀನು, ಹುಳಿಯ ವಾಸನೆ, ಖಾರದ ವಾಸನೆ, ಮತ್ತು ಇನ್ನೇನೋ, ಉಪ್ಪಿನದು, ಹೊಳೆಯ ಮೀನಿಗೆ ಇರದ ಒಂದು ವಾಸನೆ, ಇದೇನಾ ಕಡಲು. ದೂಜನ ತುಟಿ ತನಗೆ ತಾನೇ ಅಲ್ಲಾಡುತ್ತಿದೆ, ಹೆಬ್ಬೆರಳು, ಬಾಲ, ನಿಧಾನ. ಅವಳು ಹೆಬ್ಬೆರಳನ್ನು ಬೆನ್ನಿನ ಗೆರೆಯುದ್ದಕ್ಕೂ ಒತ್ತಿ ಎಳೆದಳು, ಅವನು ಹೇಳಿದ ಹಾಗಲ್ಲ, ಆಯಿ ಹೇಳಿದ ಹಾಗೆ, ತಲೆಯ ಕಡೆಯಿಂದ, ಮಾಂಸ ಎರಡು ಪಾಲಾಗಿ ಬಿಚ್ಚಿಕೊಂಡಿತು, ಎಷ್ಟು ಮೆತ್ತಗೆ, ಎಷ್ಟು ಸಲೀಸು, ಇದಕ್ಕೇ ಇಷ್ಟು ದೊಡ್ಡ ಮಾತೇ, ಎಂದು ಒಂದು ತುತ್ತು ಅನ್ನದ ಜೊತೆ ಕಲಸಿ ಬಾಯಿಗಿಟ್ಟಳು, ಇಟ್ಟ ಜಂಬಕ್ಕೆ ಸರಿಯಾಗಿ ಗಂಟಲಲ್ಲಿ ಚುಚ್ಚಿತು. ಸಣ್ಣದು, ಸೂಜಿಯ ಮೊನೆಯಷ್ಟು. ಎಲ್ಲ ನಿಂತುಹೋಯಿತು, ಫ್ಯಾನು, ಗಿರಾಕಿಗಳು, ದೂಜನ ತುಟಿ, ಅವನು ನೋಡಿಬಿಟ್ಟ, ಗೊತ್ತಾಯಿತು ಅವನಿಗೆ, ನೀರಿನ ಗ್ಲಾಸನ್ನು ಇವಳ ಕಡೆ ದೂಡಿದ, ಕುಡಿ, ಬೇಗ ಕುಡಿ ಎಂದು ಕಣ್ಣಲ್ಲೇ ಬೇಡಿದ — ನೀರ ಕುಡೀಬ್ಯಾಡ ಹುಚ್ಚಿ, ನೀರಾಗೇ ಹುಟ್ಟಿದ್ದು ನೀರಿಗಿ ಹೆದರ್ತದೇನು, ಎಲ್ಲಿಂದಲೋ ಆಯಿ ಗದರಿದಳು, ಹೊಳೆಯ ದಂಡೆಯ ಕಲ್ಲಿನ ಮೇಲೆ ಕೂತು, ಬೋಡುಬಾಯಿ ತೆರೆದು, ಕೆಮ್ಮಬ್ಯಾಡ, ಅಳಬ್ಯಾಡ, ಒಣಾ ತುತ್ತು ದೊಡ್ಡದ ಮಾಡು, ನುಂಗು. ಗ್ಲಾಸನ್ನು ಬದಿಗೆ ಸರಿಸಿದಳು. ಸಾರು ತಾಗದ ಕಡೆಯಿಂದ ಅನ್ನ ತೆಗೆದು ಉಂಡೆ ಕಟ್ಟಿದಳು, ಅವಸರವಿಲ್ಲದೆ, ಇದೇ ನಮ್ಮ ಪದ್ಧತಿ ಎನ್ನುವವಳ ಹಾಗೆ, ನುಂಗಿದಳು, ಒಮ್ಮೆ ಗೀರಿತು, ಆಮೇಲೆ ಇಳಿಯಿತು, ಇಳಿದೇ ಹೋಯಿತು. ಉಸಿರು ಬಂತು, ಫ್ಯಾನು ಮತ್ತೆ ಗೊಣಗಿತು, ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲ.

ಆಮೇಲೆ ನಾಲಿಗೆ ಎಚ್ಚರವಾಯಿತು. ಆಹಾ, ಮರೆತಿರಲಿಲ್ಲ ಅದು, ಮಲಗಿತ್ತು ಅಷ್ಟೇ, ಮುಳ್ಳು ಚುಚ್ಚಿದ್ದೇ ಎಬ್ಬಿಸಿದ ಹಾಗಾಯಿತು, ಬಾಯಿಯೊಳಗೆ ಮೀನು ಬಂದ ಕೂಡಲೇ ಓಡಾಡಿ, ಹುಡುಕಿ, ಒಂದೊಂದೇ ಮುಳ್ಳನ್ನು ಹಿಡಿದು ಎಡಮೂಲೆಗೆ ತಂದು ನಿಲ್ಲಿಸಿತು, ತುಟಿಯ ಅಂಚಿನಿಂದ ಬಿಳಿ ಎಳೆಗಳು ತಾವಾಗಿ ಹೊರಗೆ ಬಂದವು, ಬೆರಳಿನಿಂದ ತೆಗೆದು ಸಾಲಾಗಿ ಜೋಡಿಸಿದಳು, ಬಾಯಿ ನಿಲ್ಲಲಿಲ್ಲ, ಕೈ ನಿಲ್ಲಲಿಲ್ಲ, ಹುಳಿ ಏರಿತು, ಖಾರ ಏರಿತು, ಮೂಗಿನ ತುದಿಗೆ ಬೆವರು ಬಂತು, ಇಷ್ಟು ವರ್ಷ ಎಲ್ಲಿದ್ದೆ ನೀನು, ಮೀನೇ, ನನ್ನಪ್ಪನೇ, ಎಂದು ಕೇಳುವಷ್ಟು ಸಂತೋಷ, ಪಂಥ ಮರೆತಳು, ಪರದೆ ಮರೆತಳು, ದೂಜನನ್ನೂ ಒಂದು ಗಳಿಗೆ ಮರೆತಳು, ಎರಡನೆಯ ಮೀನಿನ ಬೆನ್ನೆಲುಬನ್ನು ಬಾಲದ ತನಕ ತುಂಡಾಗದೆ, ಒಂದು ಚೂರು ಮಾಂಸ ಅಂಟದೆ, ಬಾಚಣಿಗೆಯ ಹಾಗೆ ಎತ್ತಿ ಇಟ್ಟಾಗಲೇ ಕತ್ತೆತ್ತಿ ನೋಡಿದ್ದು. ದೂಜ ಬಾಯಿ ತೆರೆದು ಕೂತಿದ್ದ, ಅವನ ಮುಂದಿನ ಬಟಾಟೆ ತಣ್ಣಗಾಗಿತ್ತು. ನಾನು ಇಷ್ಟೆಲ್ಲ ಹೇಳಿಕೊಟ್ಟಿರ್ಲಿಲ್ಲ, ಅಂದ. ಇಲ್ಲೇನು? ನೀವೇ ಹೇಳಿಕೊಟ್ಟಿದ್ದಲ್ರಿ, ಅಂದಳು, ಅಷ್ಟರಲ್ಲಿ ಪರದೆ ಸರಿಯಿತು, ಅಕ್ಕು ಬಂದಳು.

ಎತ್ತರದ ಹೆಂಗಸು, ಕೊರಗಣ್ಣನಿಗಿಂತ ಎತ್ತರ, ಮೊಣಕೈವರೆಗೆ ಮಸಾಲೆ, ಕಿವಿಯಲ್ಲಿ ಚಿನ್ನದ ಬೆಂಡೋಲೆ, ಮೇಜಿನ ಹತ್ತಿರ ಬಂದು ತಟ್ಟೆಯ ಅಂಚನ್ನು ನೋಡಿದಳು, ಬಗ್ಗಿ ನೋಡಿದಳು, ಒಂದು ಬೆನ್ನೆಲುಬನ್ನು ಎತ್ತಿ ಬೆಳಕಿಗೆ ಹಿಡಿದೂ ನೋಡಿದಳು, ಚಿನ್ನ ಒರೆಗೆ ಹಚ್ಚುವವಳ ಹಾಗೆ. ಏನೆಂದು ಕರೆಯಲಿ ಇವಳನ್ನು, ಬಾಯಿಯವರೇ ಅನ್ನಲೇ, ಮುಂಬಯಿಯ ಹಾಗೆ ಮೌಸಿ ಅನ್ನಲೇ, ಅಮ್ಮ ಎನ್ನು ಅಂದಿದ್ದ ದೂಜ, ಅದಕ್ಕೆ ಇನ್ನೂ ಬಾಯಿ ಬರುತ್ತಿಲ್ಲ, ಎದ್ದು ನಿಲ್ಲಲು ಹೋದಳು, ಕುತ್ಕೊ ಹುಡುಗಿ, ಎಂಜಲು ಕೈಯಲ್ಲಿ ಏಳಬಾರ್ದು ಅಂದಳು ಅಕ್ಕು, ಹಾಗೇ ತಿರುಗಿ ಒಳಗೆ ಹೋದಳು. ಸೋತೆನೋ ಗೆದ್ದೆನೋ? ಕೊರಗಣ್ಣ ಗಲ್ಲಾದಿಂದ ಎದ್ದು ನಿಂತಿದ್ದ. ಪರದೆ ಮತ್ತೆ ಸರಿಯಿತು, ಈ ಸಲ ಅಕ್ಕುವಿನ ಕೈಯಲ್ಲಿ ಮಣ್ಣಿನ ಗಡಿಗೆ, ಅದರಿಂದ ಸೌಟಿನಲ್ಲಿ ಎತ್ತಿ ಇವಳ ತಟ್ಟೆಯ ನಡುವೆ ಇಟ್ಟಳು, ತಲೆ, ಕೊಡ್ಡಾಯಿ ಮೀನಿನದು, ಅಂಗೈ ಅಗಲದ್ದು, ತೆಂಗಿನಕಾಯಿಯ ಗಸಿ ಇಳಿಯುತ್ತಿದೆ, ಮೇಲೆ ಮುಖ ಮಾಡಿ ಒಂದು ಬಿಳಿ ಕಣ್ಣು. ಅಮ್ಮಾ, ಅದು ನಿಮ್ಮದಲ್ವಾ, ಅಂದ ದೂಜ ಗಾಬರಿಯಲ್ಲಿ, ಐತನ ಕೈಯಿಂದ ಚೌಕ ಜಾರಿತು, ಆ ಮನೆಯಲ್ಲಿ ತಲೆ ಅಕ್ಕುವಿನದು, ಗಂಡ ಕೇಳಿದರೂ ಇಲ್ಲ, ಮಗ ಕೇಳಿದರೂ ಇಲ್ಲ, ಒಲೆಯ ಮುಂದೆ ಬೇಯುವವಳ ಪಾಲು ಅದು ಎಂದು ಅವಳು ಮದುವೆಯಾಗಿ ಬಂದ ದಿನದಿಂದ ನಡೆಸಿಕೊಂಡು ಬಂದ ಕಾನೂನು, ದೂಜನೇ ಹೇಳಿದ್ದ ನಗುತ್ತ. ಬೂತಾಯಿ ಮಕ್ಕಳೂ ತಿಂತಾರೆ, ಅಂದಳು ಅಕ್ಕು, ಕಣ್ಣು ಕಿರಿದು ಮಾಡಿ, ಇದನ್ನು ತಿನ್ನು ನೋಡುವಾ.

ತಲೆ. ಇಂದ್ರಾಬಾಯಿ ಅದನ್ನು ನೋಡಿದಳು, ಅದು ಇವಳನ್ನು ನೋಡಿತು, ಜೋಗೇಶ್ವರಿ ಕರಗಿಹೋಯಿತು — ಹೊಳೆಯ ದಂಡೆಯ ಮನೆ, ಒಲೆಯ ಮುಂದೆ ಆಯಿ, ಸಾಲಾಗಿ ತಟ್ಟೆ, ತಲೆ ಅಪ್ಪನ ತಟ್ಟೆಗೆ, ಯಾವಾಗಲೂ ಅಪ್ಪನ ತಟ್ಟೆಗೆ, ಹೊಳಿ ದಾಟಸೋನ ಪಾಲು ಅದು, ತಲಿ ತಿಂದಾಂವಗ ನೀರಿನ ಗುಟ್ಟು ತಿಳೀತದ, ಅನ್ನುತ್ತಿದ್ದಳು ಆಯಿ, ಅಪ್ಪ ತಿಂದು ತಿಂದು ಎರಡು ಕಣ್ಣಿನ ಎರಡು ಬಿಳಿ ಕಾಳು ತೆಗೆದು ಒಂದನ್ನು ತನ್ನ ಅಂಗಿಯ ಕಿಸೆಯಲ್ಲಿ ಹಾಕಿಕೊಳ್ಳುತ್ತಿದ್ದ, ಇನ್ನೊಂದನ್ನು ಮರುದಿನ ಹರಿಗೋಲಿಗೆ ಮೊದಲು ಹತ್ತಿದವರ ಕೈಗೆ ಕೊಡುತ್ತಿದ್ದ, ಒಂದು ದಾಟಿಸುವವನಿಗೆ, ಒಂದು ದಾಟುವವರಿಗೆ, ಅದು ಓಣಿಯ ರೂಢಿ. ಆಮೇಲೆ ಸೇತುವೆ ಬಂತು. ಹೊಳೆಯ ಮೇಲೆ ಕಲ್ಲಿನ ಕಾಲೂರಿ ಆಚೆ ದಡದವರೆಗೆ, ಬಸ್ಸು ಓಡಿತು, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ, ದಾಟುವ ಮೊದಲೇ ಹಂಗು ಹರಿದುಹೋಯಿತು, ಹರಿಗೋಲು ಬೋರಲು ಬಿದ್ದದ್ದು ಏಳಲಿಲ್ಲ. ಆ ರಾತ್ರಿ ಆಯಿ ತಲೆಯನ್ನು ಅಪ್ಪನ ತಟ್ಟೆಗೆ ಹಾಕಿದಾಗ ಅಪ್ಪ ಮುಟ್ಟಲಿಲ್ಲ, ನಾ ಇನ್ನ ಯಾರನ್ನ ದಾಟಸ್ಲಿ ಯವ್ವಾ, ಅಂದ, ಅಪ್ಪನ ದನಿ ಹಾಗೆ ಒಡೆದದ್ದನ್ನು ಮೊದಲು ಕೇಳಿದ್ದೇ ಅವತ್ತು, ತಟ್ಟೆ ಸರಿಸಿ ಎದ್ದು ಹೋದ, ತಲೆ ಅಲ್ಲೇ ಉಳಿಯಿತು, ಬಿಳಿ ಕಣ್ಣು ಮೇಲೆ ಮಾಡಿಕೊಂಡು, ಯಾರೂ ಉಣ್ಣಲಿಲ್ಲ, ಆಗ ಆಯಿ ಅದನ್ನೆತ್ತಿ ಈ ಲಂಗದ ಹುಡುಗಿಯ ತಟ್ಟೆಗೆ ಹಾಕಿದಳು. ನೀ ತಿನ್ನವ್ವ ಇಂದ್ರಾ, ಮನ್ಯಾಗ ಯಾರರೆ ಒಬ್ಬರು ದಾಟಸ್ಬೇಕಲ್ಲ. ತಿಂದಿದ್ದಳು, ಅಳುತ್ತ ತಿಂದಿದ್ದಳು, ಒಂದು ಎಳೆ ಬಿಡದೆ.

ಈಗ ಅಳಲಿಲ್ಲ. ಕೆನ್ನೆಯ ಕೆಳಗೆ ಬೆರಳು ಹಾಕಿ ಒಂದೇ ಸಲ ಬಿಚ್ಚಿದಳು, ಅಲ್ಲಿ ಇರುತ್ತದೆ ಬೆಣ್ಣೆಯಂಥ ಮಾಂಸದ ಗುಂಡು, ತಿನ್ನಲು ಬಾರದವರು ಎಸೆದು ಹೋಗುವುದು ಅದನ್ನೇ, ಅದು ಮೊದಲು, ಆಮೇಲೆ ಕಿವಿರಿನ ಬುಡ, ಆಮೇಲೆ ನೆತ್ತಿಯ ಎಲುಬನ್ನು ಹಲ್ಲಿನಲ್ಲಿ ಒಡೆದು ಸೊರ್ ಎಂದು ಹೀರಿದಳು, ಹೌದು, ಸದ್ದು ಮಾಡಿಯೇ ಹೀರಿದಳು, ಆ ಸದ್ದಿಗೆ ಗೋಡೆ ಬದಿಯ ಮುದುಕನೊಬ್ಬ ಶಾಬಾಸ್ ಅಂದ, ಇಳಕಲ್ ಸೀರೆಯ ಮೇಲೆ ಗಸಿ ಬಿತ್ತು, ಬೀಳಲಿ, ಅವ್ವ ಬೈದರೆ ಬೈಯಲಿ, ಎಲುಬಿನ ಮೇಲೆ ಎಲುಬು ತಟ್ಟೆಯಲ್ಲಿ ಬಿತ್ತು, ಒಣಗಿದ್ದು, ಬೆಳ್ಳಗಿನದು, ನೊಣಕ್ಕೂ ಏನೂ ಉಳಿದಿರಲಿಲ್ಲ. ಅಕ್ಕು ಎದುರಿನ ಕುರ್ಚಿ ಎಳೆದಳು, ದೂಜನನ್ನು ಏಳು ಅಂದಳು, ಅವನು ಎದ್ದ, ಅವಳು ಕೂತಳು. ನಿನ್ನ ಅಪ್ಪನಿಗೆ ಎಂತ ಕೆಲಸ? ವಾಚಮನ್ ಅದಾರ್ರಿ, ಕಾಂದಿವಲಿ ಎಸ್ಟೇಟಿನ ಗೇಟಿಗೆ. ಅದಲ್ಲ, ಊರಲ್ಲಿ, ಊರಲ್ಲಿ ಎಂತ ಮಾಡ್ತಾ ಇದ್ರು? ಬಾಯಿಲೆ ಹೇಳಬ್ಯಾಡ ಅಂದಿದ್ದ ಅಪ್ಪ, ತೋರಿಸಿಯಾಯಿತಲ್ಲ, ಇನ್ನು ಹೇಳಬಹುದು. ಹರಗೋಲ ಹಾಕ್ತಿದ್ರಿ, ಭೀಮಾ ಹೊಳ್ಯಾಗ, ಅಂಬಿಗರ ಮಂದಿ ನಾವು. ಅಕ್ಕು ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ದೋಣಿಯವರ ಮಗಳಾ ನೀನು? ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ತಿ? ನೀವ್ ಕೇಳ್ಲೇ ಇಲ್ರಿ.

ಮೊದಲು ನಕ್ಕದ್ದು ಕೊರಗಣ್ಣ, ಹೊಟ್ಟೆ ಹಿಡಿದುಕೊಂಡು, ಗಲ್ಲಾಪೆಟ್ಟಿಗೆ ಅಲುಗುವಂತೆ, ಆಮೇಲೆ ಐತ, ಆಮೇಲೆ ಇಡೀ ಖಾನಾವಳಿ, ದೂಜ ಮಾತ್ರ ನಗಲಾರದೆ ಅಳಲಾರದೆ ನಿಂತಿದ್ದ, ಹಾಗಾದ್ರೆ ಆ ಮರಳಲ್ಲಿ ನಾನು — ಚಂದ ಬರೀತಿದ್ರಿ, ಅಂದಳು, ಅದೊಂದು ಮಾತಿಗೆ ಅವನ ಕಿವಿಯ ತುದಿ ಕೆಂಪಾಯಿತು, ಮುಖ ಅರಳಿತು, ಗೆದ್ದೆ, ಗೆದ್ದೆ ಕಣೇ ಆಯಿ, ಕೇಳಿಸಿತೇ ಅಲ್ಲಿ, ಈ ಊರಿನ ಜನ, ಈ ಉಪ್ಪಿನ ನೀರಿನ ಜನ, ನಿನ್ನ ಮೊಮ್ಮಗಳಿಗೆ ಶಾಬಾಸ್ ಅಂದರು. ಅಕ್ಕು ನಗಲಿಲ್ಲ. ಅವಳು ಇವಳ ಬೆರಳನ್ನೇ ನೋಡುತ್ತಿದ್ದಳು, ಬೆರಳು ಮೀನಿನ ಕಣ್ಣಿನ ಗುಳಿಯೊಳಗೆ ಹೋಗಿತ್ತು, ಒಂದು ಕಾಳು ತೆಗೆಯಿತು, ತಲೆಯನ್ನು ಮಗುಚಿ ಇನ್ನೊಂದನ್ನು ತೆಗೆಯಿತು, ಎರಡನ್ನೂ ಗ್ಲಾಸಿನ ನೀರಿನಲ್ಲಿ ಅದ್ದಿ ತೊಳೆಯಿತು, ಜೋಳದ ಕಾಳಿಗಿಂತ ಒಂದು ಸುತ್ತು ದೊಡ್ಡವು, ಅಷ್ಟೇ ಬಿಳಿ. ಒಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು, ಅಪ್ಪನಿಗೆ, ಇನ್ನೊಂದನ್ನು ಕಲ್ಲಿನ ಮೇಜಿನ ಮೇಲೆ ಅಕ್ಕುವಿನ ಮುಂದೆ ಇಟ್ಟಳು. ಇದೆಂತ? ಒಂದ ದಾಟಸೋರಿಗಿ, ಒಂದ ದಾಟೋರಿಗಿ, 'ಅಮ್ಮಾ', ಅದು ಬಾಯಿಗೆ ತಾನಾಗಿ ಬಂತು, ನಮ್ಮಲ್ಲಿ ಹಂಗದ, ಹರಗೋಲಕ್ಕ ಮೊದಲ ಹತ್ತಿದವ್ರು ನೀವು. ಅಕ್ಕು ಮೂಗು ಒಮ್ಮೆ ಎಳೆದುಕೊಂಡಳು, ಮಸಾಲೆಯ ಘಾಟೋ ಏನೋ. ನಿನ್ನ ಅಪ್ಪನನ್ನು ಬರುವ ಆದಿತ್ಯವಾರ ಕರ್ಕೊಂಡು ಬಾ ಮಗಾ, ಅಂದಳು, ಹುಡುಗಿ ಅನ್ನಲಿಲ್ಲ, ಮಗಾ ಅಂದಳು, ತಲೆ ತೆಗೆದಿಡ್ತೇನೆ ಅಂತ ಹೇಳು, ದೊಡ್ಡದೇ, ಮದುವೆಯ ಮಾತು ತಿಂದಾದ ಮೇಲೆ. ಅಪ್ಪ ತಿನ್ನುತ್ತಾನೆ, ಈ ಸಲ ತಟ್ಟೆ ಸರಿಸುವುದಿಲ್ಲ, ಈ ಮೇಜಿನ ಮುಂದೆ, ಈ ಫ್ಯಾನಿನ ಕೆಳಗೆ, ಹೊರಗೆ ಲೋಕಲ್ಲು ಕೂಗಿ ಹೋಯಿತು, ಕಾಂದಿವಲಿಯ ಕಡೆಗೆ, ಬಟಾಟೆಯ ಪ್ಲೇಟನ್ನು ಯಾರೋ ಮತ್ತೆ ಇವಳ ಮುಂದೆ ಸರಿಸಿದರು, ಭೀಮೆ ಹರಿಯಿತು, ಸೇತುವೆಯ ಕೆಳಗೆ, ಎಲ್ಲಿಗೆ ಹರಿಯುತ್ತದೆ ಹೊಳೆ, ಕಡಲಿಗೇ ಅಲ್ಲವೇ, ಅಕ್ಕು ಕೈ ಚಾಚಿದಳು, ಕಾಳನ್ನು ಎತ್ತಿದಳು, ಅಂಗೈಯಲ್ಲಿ ಇಟ್ಟುಕೊಂಡಳು, ಮೀನು ಕೊಯ್ದು ಕೊಯ್ದು ಗೀರು ಬಿದ್ದ ಅಂಗೈ, ಅರಿಸಿನ ಹತ್ತಿದ ಅಂಗೈ, ಅದರ ನಡುವೆ ಆ ಬಿಳಿ ಕಾಳು — ಮುಚ್ಚಲಿಲ್ಲ ಅಂಗೈ, ತೆರೆದೇ ಇತ್ತು — ಬಿಳಿ ಕಾಳು — ಅಂಗೈಯ ನಡುವೆ, ಬಿಳಿ ಕಾಳು.